ಗುಬ್ಬಿಯ ಎರಡು ಫೋಟೋ

ಮಳೆಗಾಲ ಮುಗಿದಿತ್ತು, ಚಳಿ ಇನ್ನೂ ಕಾಲಿಟ್ಟಿರಲಿಲ್ಲ. ಬೆಳಗಿನ ಸೈರನ್ನು ಕೂಗಿ, ಹೆಂಗಸರು ಕಡಲೆಬೀಜದ ರಾಶಿಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಹಾಡು ಅರ್ಧಕ್ಕೆ ಬಂದಿತ್ತು. ಇದು ಶುರುವಾದದ್ದು ಆ ಹೊತ್ತಿನಲ್ಲಿ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡವನೊಬ್ಬ, ಮೇಸ್ತ್ರಿಯ ಹಿಂದೆ ಶೆಡ್ಡಿನೊಳಗೆ ಬಂದು, ಧೂಳಿಗೆ ಮೂಗು ಮುಚ್ಚಿಕೊಂಡು, "ಇವರಲ್ಲಿ ಯಾರ ಮನೆಯಲ್ಲಿ ಸಣ್ಣ ಮಗು ಇದೆ?" ಎಂದು ಕೇಳಿದ.

"ವಯಸ್ಸಲ್ಲಿ ಸಣ್ಣದೋ, ಮೈಯಲ್ಲಿ ಸಣ್ಣದೋ ಸಾರ್?" ಎಂದಳು ಗಿಡ್ಡಿ. ಆಳು ಗಿಡ್ಡ, ಬಾಯಿ ಉದ್ದ.

"ಎರಡೂ."

"ಹಾಗಾದ್ರೆ ಎಲ್ಲರ ಮನೇಲೂ ಇದೆ. ಬಂದು ಆರಿಸ್ಕೊಳ್ಳಿ. ನಾವು ಬೀಜ ಆರಿಸ್ತೀವಿ, ನೀವು ಮಕ್ಕಳನ್ನ ಆರಿಸಿ."

ಹೆಂಗಸರು ನಕ್ಕರು. ಮೇಸ್ತ್ರಿ ನಗಲಿಲ್ಲ. ಅವನು ನಗುವುದು ಯಜಮಾನರು ನಕ್ಕಾಗ ಮಾತ್ರ.

"ಹಾಡು ಯಾಕೆ ನಿಂತಿತು?" ಎಂದ.

ಹಾಡು ಮತ್ತೆ ಹೊರಟಿತು.

ಹಾಡುವುದು ಅಲ್ಲಿ ಕೆಲಸದ ಒಂದು ಭಾಗ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಪೇಸ್ಟು. ಹುರಿದ ಕಡಲೆಬೀಜ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ಏನೋ ಔಷಧದ ಪುಡಿ, ಎಲ್ಲ ಸೇರಿಸಿ ನುಣ್ಣಗೆ ಅರೆದು ಅಂಗೈಯಗಲದ ಪ್ಯಾಕೆಟ್ಟಿಗೆ ತುಂಬುತ್ತಿದ್ದರು. ಹಸಿದು ಸೊರಗಿ ಮೂಳೆಚಕ್ಕಳವಾದ ಮಕ್ಕಳಿಗೆ ಅದನ್ನು ತಿನ್ನಿಸಿದರೆ ಬದುಕುತ್ತವಂತೆ. ಪುಣ್ಯದ ಕೆಲಸ. ಹಾಗಂತ ಗೇಟಿನ ಮೇಲೆಯೇ ಬರೆದಿತ್ತು. ಕಲ್ಲು, ಮಣ್ಣು, ಹುಳುಕು ಬೀಜ ಆರಿಸಿ ತೆಗೆಯುವುದು ಹೆಂಗಸರ ಕೆಲಸ. ಆ ಹೆಂಗಸರು ಸೈರನ್ನಿನಿಂದ ಸೈರನ್ನಿನವರೆಗೆ ಹಾಡುತ್ತಲೇ ಇರಬೇಕು. ಹಾಡುವ ಬಾಯಿ ಅಗಿಯುವುದಿಲ್ಲ. ಇದನ್ನು ಕಂಡುಹಿಡಿದವರು ಈಗಿನ ಯಜಮಾನರ ತಂದೆ. ಅವರ ದೊಡ್ಡ ಪಟ ಆಫೀಸಿನಲ್ಲಿದೆ. ಬಹಳ ಸಂಗೀತಪ್ರೇಮಿಗಳಾಗಿದ್ದರಂತೆ.

ಸಂಜೆ ಗೇಟಿನಲ್ಲಿ ಬಿಳಿಯ ಬೇಸಿನ್ನು. ಒಬ್ಬೊಬ್ಬರೂ ಲೋಟದ ನೀರು ಬಾಯಿಗೆ ಹಾಕಿ, ಮುಕ್ಕಳಿಸಿ, ಅದರಲ್ಲಿ ಉಗಿಯಬೇಕು. ಬೀಜದ ಚೂರು ಕಂಡರೆ ಆ ದಿನದ ಕೂಲಿ ಇಲ್ಲ. ಅದನ್ನು ನೋಡುವವಳಿಗೆ ಬೇಸಿನ್ನಮ್ಮ ಅಂತಲೇ ಹೆಸರು ಬಿದ್ದಿತ್ತು. ಕೆಟ್ಟ ಹೆಂಗಸಲ್ಲ. ದಿನಾ ಬೇರೆಯವರು ಉಗಿದದ್ದನ್ನು ಬಗ್ಗಿ ನೋಡಿ ಮನೆಗೆ ಹೋಗಿ ಊಟಕ್ಕೆ ಕೂರಬೇಕಲ್ಲ, ಆ ಸಂಕಟ ಅವಳದು.

ಶೆಡ್ಡಿನಲ್ಲಿ ಹಾಡು ಎತ್ತಿ ಕೊಡುತ್ತಿದ್ದವಳು ಹಾಡಜ್ಜಿ. ತೀರಾ ಮುದುಕಿಯೇನಲ್ಲ. ಮೊಮ್ಮಗ ಹುಟ್ಟಿದ ಮೇಲೆ ಅಜ್ಜಿ ಸೇರಿಕೊಂಡಿತು, ಅಷ್ಟೆ. ಅವಳು ಒಂದು ಸಾಲು ಹೇಳಿದರೆ ಉಳಿದವರು ಹಿಡಿಯುವರು. ಅವಳು ಸುಮ್ಮನಾದರೆ ಶೆಡ್ಡು ಸುಮ್ಮನಾಗುವುದು. ಕಡಲೆ ಸಿಪ್ಪೆಯ ಧೂಳು ಕುಡಿದು ಕುಡಿದು ಗಂಟಲು ಮರಳುಕಾಗದದ ಹಾಗಾಗಿತ್ತು. ಸಂಜೆ ಎದ್ದು ನಿಂತರೆ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಬೆರಳ ತುದಿಯ ಗೆರೆಗಳು ಸವೆದು ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆಫೀಸಿನವನು "ಏನಮ್ಮಾ, ನೀನು ಯಾರು ಅಂತಾನೇ ಗೊತ್ತಾಗಲ್ಲವಲ್ಲ" ಎಂದು ರೇಗುತ್ತಿದ್ದ. ಇವಳು, "ನನಗೂ ಅದೇ ಅನುಮಾನ ಸ್ವಾಮಿ" ಎನ್ನುವಳು.

ಗಿಡ್ಡಿಯ ಹಾಡು ಒಂದೇ. "ನಿದ್ದೆ ಬಂತಾ ಪುಟ್ಟಿ, ಚಂದ್ರ ಬಂದ ಬುಟ್ಟಿ ತುಂಬಾ ಕನಸು ಕಟ್ಟಿ." ಅವಳ ಪುಟ್ಟಿ ಹೋದ ಬೇಸಿಗೆಯಲ್ಲಿ ಸೊರಗಿ ಸೊರಗಿ ಹೋಗಿತ್ತು. ಮಣ್ಣು ಮಾಡಿ ಬಂದು ಕೆಲಸಕ್ಕೆ ಕೂತ ದಿನ ಗಿಡ್ಡಿಯ ಬಾಯಿ ತೆರೆಯಲಿಲ್ಲ. ಮೇಸ್ತ್ರಿ ಬಂದು ಸಮಾಧಾನ ಹೇಳಿದ: "ದುಃಖ ಇದ್ರೆ ದುಃಖದ ಹಾಡೇ ಹಾಡಮ್ಮ. ನಾನೇನು ಬೇಡ ಅಂತೀನಾ?" ಆಗಿನಿಂದ ಅವಳು ಅದೊಂದನ್ನೇ ಹಾಡುತ್ತಾಳೆ. ತಮಾಷೆ ಎಷ್ಟು ಬೇಕಾದರೂ ಮಾಡುತ್ತಾಳೆ, ಹಾಡು ಮಾತ್ರ ಅದೊಂದೇ.

ಮಧ್ಯಾಹ್ನದ ಬಿಡುವಿನಲ್ಲಿ ಫೋಟೋದವನು ಕಾರ್ಖಾನೆಯ ಹಿಂದಿನ ಸಾಲುಮನೆಗಳಿಗೆ ಬಂದ. ಮನೆ ಎಂದರೆ ತಗಡಿನ ಚಾವಣಿಯ ಒಂದೊಂದು ಕೋಣೆ. ಕೆಲಸ ಇರುವವರೆಗೆ ಕೋಣೆ. ಪ್ಯಾಕೆಟ್ಟಿನ ಮೇಲೆ ಫೋಟೋ ಬರಬೇಕಂತೆ. ಪೇಸ್ಟು ತಿನ್ನುವ ಮೊದಲು ಮಗು ಹೀಗಿತ್ತು, ತಿಂದ ನಂತರ ಹೀಗಾಯಿತು. ಎರಡು ಫೋಟೋ, ಪಕ್ಕಪಕ್ಕದಲ್ಲಿ. ಅವನು ಬಾಗಿಲು ಬಾಗಿಲಿಗೆ ನಿಂತು ಮಕ್ಕಳನ್ನು ನೋಡಿದ. "ಇದಕ್ಕೆ ಕೆನ್ನೆ ಇದೆ" ಎಂದ. "ಇದು ನಗ್ತಿದೆ, ಬೇಡ" ಎಂದ. ಹಾಡಜ್ಜಿಯ ಮಗಳ ಮಡಿಲಲ್ಲಿದ್ದ ಕೂಸು ಗುಬ್ಬಿಯನ್ನು ನೋಡಿ ನಿಂತ.

"ಇದು ಚೆನ್ನಾಗಿದೆ. ತುಂಬಾ ಚೆನ್ನಾಗಿದೆ."

ಗುಬ್ಬಿಯನ್ನು ಚೆನ್ನಾಗಿದೆ ಎಂದ ಮನುಷ್ಯ ಬಹಳ ದಿನದ ಮೇಲೆ ಅವನೊಬ್ಬನೇ. ಹುಟ್ಟಿದಾಗ ದುಂಡಗಿದ್ದ ಕೂಸು. ಅಪ್ಪ ಕೆಲಸ ಹುಡುಕಿಕೊಂಡು ಹೋದವನು ಇನ್ನೂ ಹುಡುಕುತ್ತಲೇ ಇದ್ದ. ಅಮ್ಮ ಹುರಿಯುವ ಒಲೆಗಳ ಮುಂದೆ ಕೆಲಸಕ್ಕೆ ಸೇರಿದಳು. ಬೆಂಕಿಯ ಮುಂದೆ ನಿಂತು ನಿಂತು ಮೊದಲು ಬೆವರು ಹೋಯಿತು, ಆಮೇಲೆ ಎದೆಯ ಹಾಲು ಹೋಯಿತು. ಗುಬ್ಬಿಗೆ ಗಂಜಿಯ ತಿಳಿ. ಮಳೆಗಾಲದಲ್ಲಿ ಭೇದಿ ಹತ್ತಿತು, ತಿಳಿಯೂ ನಿಲ್ಲಲಿಲ್ಲ. ಈಗ ನಡೆಯುವ ವಯಸ್ಸು, ಕೂತರೆ ಬೀಳುತ್ತಿದ್ದ. ಕುಂಡೆಯ ಚರ್ಮ ಅಣ್ಣನ ಚಡ್ಡಿ ತಮ್ಮ ತೊಟ್ಟ ಹಾಗೆ ಜೋತುಬಿದ್ದಿತ್ತು. ಮುಖ ಮುದುಕನದು. ಕೂದಲು ತುಕ್ಕಿನ ಬಣ್ಣ. ಅಳುತ್ತಿರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕು. ಸಾಲುಮನೆಯವರು "ಎಷ್ಟು ಸಾಧು ಮಗು ಇದು, ಕೂಗಿಲ್ಲ ಗಲಾಟೆ ಇಲ್ಲ" ಎಂದು ಹೊಗಳುತ್ತಿದ್ದರು.

ಫೋಟೋ ಎಂದ ಕೂಡಲೇ ಹಾಡಜ್ಜಿ ಒಳಗೆ ಓಡಿ, ತಲೆಗೆ ಎಣ್ಣೆ ಹಚ್ಚಿ, ಬಾಚಿ, ಒಗೆದ ಅಂಗಿ ತೊಡಿಸಿ ತಂದಳು. ಫೋಟೋದವನು ಅಂಗಿ ಬಿಚ್ಚಿಸಿದ. ಕೂದಲು ಕೆದರಿದ. "ಸ್ವಲ್ಪ ಮಣ್ಣಿದ್ರೆ ಚೆನ್ನಾಗಿರ್ತಿತ್ತು" ಎಂದ. ಮೇಸ್ತ್ರಿ ಬಗ್ಗಿ, ನೆಲದ ಮಣ್ಣು ಬೆರಳಿಗೆ ತೆಗೆದುಕೊಂಡು, ಗುಬ್ಬಿಯ ಹಣೆಗೆ, ಗಲ್ಲಕ್ಕೆ ಹಚ್ಚಿದ. ಮೇಸ್ತ್ರಿಯ ಕೈ ಅಷ್ಟು ಮೆತ್ತಗೆ ಯಾರ ಮೇಲೂ ಬಿದ್ದದ್ದನ್ನು ಅಲ್ಲಿಯವರು ನೋಡಿರಲಿಲ್ಲ.

ಮಗಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹಾಡಜ್ಜಿ ಕೈಕಟ್ಟಿ ನಿಂತಿದ್ದಳು. ಕೆಲಸ ಮುಗಿದ ಮೇಲೆ ಕೇಳಿದಳು.

"ಮೇಸ್ತ್ರಿ, ಇವನಿಗೂ ಒಂದಷ್ಟು ಪ್ಯಾಕೆಟ್ ಕೊಡಿಸಿ. ನಂತರದ ಫೋಟೋನೂ ಇವನದೇ ತೆಗೀಬೋದಲ್ಲ."

ಮೇಸ್ತ್ರಿಗೆ ನಿಜವಾಗಿಯೂ ನೋವಾಯಿತು. "ಹಾಗೆಲ್ಲ ಕೊಡೋಕೆ ಬರಲ್ಲಮ್ಮ. ಅದು ದಾನ ಕೊಟ್ಟೋರ ಮಾಲು. ಬಡ ಮಕ್ಕಳಿಗೆ ಅಂತ ಇರೋದು. ಒಂದು ಪ್ಯಾಕೆಟ್ ಆಚೆ ಈಚೆ ಆದ್ರೂ ಕಳ್ಳತನವೇ. ಮೇಲೆ ಬರೆದಿಲ್ವಾ, ಮಾರಾಟಕ್ಕಲ್ಲ ಅಂತ?"

"ಮಾರಬೇಡಿ, ಕೊಡಿ ಅಂದಿದ್ದು."

"ಕೊಡೋಕೆ ಡಾಕ್ಟ್ರ ಚೀಟಿ ಬೇಕು. ಚೀಟಿ ಇದ್ರೂ ಹಂಚೋ ಜಾಗದಲ್ಲೇ ತಗೋಬೇಕು. ನಂತರದ ಫೋಟೋಗೆ ಬೇರೆ ಮಗು ನೋಡಿದೀವಿ. ಯಜಮಾನರ ಅಕ್ಕನ ಮೊಮ್ಮಗ."

ಬಾಗಿಲಲ್ಲಿ ನಿಂತಿದ್ದ ಗಿಡ್ಡಿ ಹೇಳಿದಳು: "ಮಾರಬಾರ್ದು, ಕೊಡಬಾರ್ದು, ತಿನ್ನಬಾರ್ದು. ಅದನ್ನ ಮಾಡೋದು ನೋಡಿ ಸಂತೋಷಪಡೋಕಾ ಮೇಸ್ತ್ರಿ?"

ಯಜಮಾನರ ಅಕ್ಕನ ಮೊಮ್ಮಗ ಒಳ್ಳೆಯ ಆರೋಗ್ಯವಂತ ಹುಡುಗ. ಆರೋಗ್ಯ ಎಷ್ಟಿತ್ತೆಂದರೆ ಫೋಟೋದವನ ಕೈ ಕಚ್ಚಿದನಂತೆ. ಅದೂ ಅಲ್ಲದೆ ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಕುರುಡನಿಗೂ ಗೊತ್ತಾಗುತ್ತಿತ್ತು, ಇದು ಅದಲ್ಲ ಅಂತ. ಹೊಸ ಪ್ಯಾಕೆಟ್ಟಿನ ಕೆಲಸ ನಿಂತಿತು.

ಚಳಿ ಬಂತು. ಒಂದು ಭಾನುವಾರ ಬೆಳಿಗ್ಗೆ ಮಗಳು ಗುಬ್ಬಿಯನ್ನು ಬಿಸಿಲಿಗೆ ಹಿಡಿದು ಕೂಗಿದಳು.

"ಅಮ್ಮಾ, ಬಾ ಇಲ್ಲಿ. ಇವನಿಗೆ ಕೆನ್ನೆ ಬಂತು ನೋಡು!"

ಹಾಡಜ್ಜಿ ಓಡಿಬಂದಳು. ಹೌದು, ಕೆನ್ನೆ ಬಂದಿತ್ತು. ಕಾಲು ತುಂಬಿಕೊಂಡಿದ್ದವು. ಪಾದದ ಮೇಲಿನ ಮೂಳೆ ಕಾಣದಂತೆ ಮುಚ್ಚಿಹೋಗಿತ್ತು. ಅವಳು ಮೊಮ್ಮಗನ ಪಾದವನ್ನು ಕಣ್ಣಿಗೆ ಒತ್ತಿಕೊಂಡಳು. ಸಾಲುಮನೆಯವರು ಒಬ್ಬೊಬ್ಬರಾಗಿ ಬಂದು ನೋಡಿದರು. "ದೃಷ್ಟಿ ತಾಕೀತು, ಒಳಗೆ ಕರ್ಕೊಂಡು ಹೋಗೇ" ಎಂದರು. ಏನು ತಿನ್ನಿಸಿದಿರಿ ಎಂದು ಕೇಳಿದರು. ತಿನ್ನಿಸಿದ್ದು ಅದೇ ಗಂಜಿಯ ತಿಳಿ. ಅವನು ಅದನ್ನೂ ಬೇಡವೆಂದು ಮುಖ ತಿರುಗಿಸುತ್ತಿದ್ದ. ಹೊಟ್ಟೆ ತುಂಬಿದವರು ಹಾಗೇ ಅಲ್ಲವೇ ಮಾಡುವುದು ಎಂದುಕೊಂಡರು. ಹೊಟ್ಟೆ ತುಂಬಿದವರನ್ನು ಹತ್ತಿರದಿಂದ ನೋಡಿದವರು ಅಲ್ಲಿ ಯಾರೂ ಇರಲಿಲ್ಲ.

ನಲ್ಲಿಯ ಹತ್ತಿರ ಮೇಸ್ತ್ರಿಯ ಕಣ್ಣಿಗೆ ಮಗು ಬಿತ್ತು.

"ಅರೆ! ಇದು ಅದೇ ಮಗು ಅಲ್ವಾ?"

"ಅದೇ ಮೇಸ್ತ್ರಿ. ನಮ್ಮ ಗುಬ್ಬೀನೇ."

"ನೋಡಿದ್ಯಾ? ಪ್ಯಾಕೆಟ್ಟು ಪ್ಯಾಕೆಟ್ಟು ಅಂತ ನನ್ನ ಪ್ರಾಣ ತಿಂದ್ಯಲ್ಲ. ತಾನಾಗೇ ಆಗ್ಲಿಲ್ವಾ?"

ಮಾರನೆಯ ದಿನ ಫೋಟೋದವನು ಬಂದ. ಖುಷಿಯಿಂದ ತೊಡೆ ತಟ್ಟಿಕೊಂಡ. ಅದೇ ಕಣ್ಣು, ಅದೇ ಕಿವಿ, ಮುಖ ಮಾತ್ರ ದುಂಡಗೆ. ಹೀಗೆ ದೇವರು ಕೊಟ್ಟ ಹಾಗೆ ಸಿಗುವುದು ಅಪರೂಪವಂತೆ. ಈ ಸಲ ಅವನೇ ಕೂದಲು ಬಾಚಿದ, ಅವನೇ ತಂದಿದ್ದ ಹೊಸ ಅಂಗಿ ತೊಡಿಸಿದ. ಮೇಸ್ತ್ರಿ ಗಿಲಕಿ ಆಡಿಸಿದ, ಮುಖ ಸೊಟ್ಟ ಮಾಡಿದ, ಬೆಕ್ಕಿನ ಹಾಗೆ ಕೂಗಿದ. ಗುಬ್ಬಿ ನಗಲಿಲ್ಲ, ಅಳಲಿಲ್ಲ, ತಿರುಗಿಯೂ ನೋಡಲಿಲ್ಲ.

"ಪರವಾಗಿಲ್ಲ" ಎಂದ ಫೋಟೋದವನು. "ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ಕೂತಿದಾನೆ."

ಹೊಸ ಅಂಗಿಯನ್ನು ಬಿಚ್ಚಿಕೊಂಡು ಹೋದ.

ಹೊಸ ಪ್ಯಾಕೆಟ್ಟು ಬಂತು. ಎಡಗಡೆ ಮೂಳೆಯ ಗುಬ್ಬಿ, ಬಲಗಡೆ ದುಂಡು ಗುಬ್ಬಿ, ನಡುವೆ ಒಂದು ಬಾಣದ ಗುರುತು. ಪ್ಯಾಕಿಂಗ್ ಕಡೆಯಲ್ಲಿ ರಾಶಿ ರಾಶಿ ಗುಬ್ಬಿ. ಡಬ್ಬದಲ್ಲಿ ಗುಬ್ಬಿ, ಲಾರಿಯಲ್ಲಿ ಗುಬ್ಬಿ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಹಾಡಜ್ಜಿಗೆ ಒಂದು ಖಾಲಿ ಪ್ಯಾಕೆಟ್ಟು ಕೊಟ್ಟ. "ಗೋಡೆಗೆ ಅಂಟಿಸ್ಕೋ. ನಿನ್ನ ಮೊಮ್ಮಗ ದೇಶ ದೇಶ ಸುತ್ತುತಾನೆ ಇನ್ಮೇಲೆ." ಅವಳು ನಿಜವಾಗಿಯೂ ಅಂಟಿಸಿಕೊಂಡಳು. ಬೆಳಿಗ್ಗೆ ಎದ್ದು ಅದನ್ನು ನೋಡಿದರೆ ಏನೋ ಸಮಾಧಾನ.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಗುಬ್ಬಿಯ ತೊಡೆಯ ಚರ್ಮ ಹಳೆಯ ಗೋಡೆಯ ಬಣ್ಣದ ಹಾಗೆ ಹಕ್ಕಳೆ ಏಳತೊಡಗಿತು. ಕೈ ಹಿಡಿದರೆ ತಣ್ಣಗೆ. ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಭಾನುವಾರ ಸಂಜೆ ಅಮ್ಮ ಮಗಳು ಇಬ್ಬರೂ ಅವನನ್ನು ಎತ್ತಿಕೊಂಡು ಹತ್ತಿರದ ಸಣ್ಣ ಆಸ್ಪತ್ರೆಗೆ ಹೋದರು.

ಅಲ್ಲಿಯ ಡಾಕ್ಟರಮ್ಮ ಮಾತು ಕಡಿಮೆಯವಳು. ಗುಬ್ಬಿಯ ಪಾದದ ಮೇಲೆ ಹೆಬ್ಬೆರಳು ಒತ್ತಿ, ಸ್ವಲ್ಪ ಹೊತ್ತು ಹಿಡಿದು, ಬಿಟ್ಟಳು. ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ ಗುಳಿ ಬಿತ್ತು. ಗುಳಿ ಹಾಗೇ ಉಳಿಯಿತು. ಮೂವರು ಹೆಂಗಸರೂ ಆ ಗುಳಿಯನ್ನೇ ನೋಡುತ್ತ ನಿಂತರು.

"ಇದು ಮಾಂಸ ಅಲ್ಲಮ್ಮ. ನೀರು" ಎಂದಳು ಡಾಕ್ಟರಮ್ಮ. "ಮಗು ತುಂಬ್ಕೊಂಡಿಲ್ಲ. ಬಾತಿದೆ. ತಿನ್ನೋಕೆ ಇಲ್ಲದೆ ಬಾತಿರೋದು. ಮೊದಲು ಬರೀ ಸಣ್ಣಗಿತ್ತು, ಈಗ ಅದಕ್ಕಿಂತ ಕೆಟ್ಟದಾಗಿದೆ."

ಮಗಳು ಗುಬ್ಬಿಯ ಪಾದವನ್ನು ಸೆರಗಿನಿಂದ ಮುಚ್ಚಿದಳು. ಹಾಡಜ್ಜಿಗೆ ಗೋಡೆಯ ಮೇಲಿನ ಬಲಗಡೆಯ ಫೋಟೋ ನೆನಪಾಯಿತು. ಕಣ್ಣಿಗೊತ್ತಿಕೊಂಡ ಪಾದ ನೆನಪಾಯಿತು.

"ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಿದ್ರೆ ಉಳಿಯಲ್ಲ. ಅಲ್ಲಿ ಮೊದಲು ಹಾಲಿನಂಥದ್ದು ಕೊಡ್ತಾರೆ, ಸ್ವಲ್ಪ ಸ್ವಲ್ಪವೇ. ಆಮೇಲೆ ಕಡಲೆಬೀಜದ ಒಂದು ಪೇಸ್ಟು ಬರುತ್ತೆ, ಪ್ಯಾಕೆಟ್ಟಿನಲ್ಲಿ. ಅದು ಸಿಕ್ರೆ..."

"ಅದನ್ನ ಮಾಡೋದೇ ನಾವು" ಎಂದಳು ಮಗಳು.

ಡಾಕ್ಟರಮ್ಮ ಅವಳ ಮುಖವನ್ನು ನೋಡಿದಳು. ಆಮೇಲೆ ಕಿಟಕಿಯ ಆಚೆ ಕಾಣುತ್ತಿದ್ದ ಕಾರ್ಖಾನೆಯ ಚಿಮಣಿಯನ್ನು ನೋಡಿದಳು. "ಇಲ್ಲಿಗೂ ಕಳಿಸಿ ಅಂತ ಕೇಳಿ ಕೇಳಿ ನನಗೂ ಸಾಕಾಗಿದೆ. ಕಾರ್ಖಾನೆ ಇರೋ ಕಡೆ ಹಸಿವಿರಲ್ಲ ಅಂತ ಮೇಲಿನೋರ ಲೆಕ್ಕ. ಇಲ್ಲಿಗೆ ಹಂಚಿಕೆ ಇಲ್ಲ."

ಸೋಮವಾರ ಬೆಳಿಗ್ಗೆ ಮಗುವನ್ನು ಸುತ್ತಿಕೊಂಡು ಬಸ್ಸಿಗೆ ಹೊರಟರೆ ಗೇಟಿನಲ್ಲೇ ಮೇಸ್ತ್ರಿ. ತೊಳೆದ ಬೂಟು, ಇಸ್ತ್ರಿಯ ಅಂಗಿ. ಆ ದಿನ ಅತಿಥಿಗಳು ಬರುವವರಿದ್ದರು. ದಾನ ಕೊಡುವವರು, ದೂರದವರು. ಶೆಡ್ಡಿನ ಗೋಡೆಗೆ ಗುಬ್ಬಿಯ ಎರಡೂ ಫೋಟೋಗಳನ್ನು ಆಳೆತ್ತರ ಮಾಡಿಸಿ ಹಾಕಿದ್ದರು.

"ಎಲ್ಲಿಗೆ? ಈ ಮಗು ಇವತ್ತು ಫೋಟೋದ ಕೆಳಗಿರಬೇಕು. ಅದಕ್ಕೇ ಅಲ್ವಾ ಅವರು ಬರ್ತಿರೋದು?"

"ಡಾಕ್ಟ್ರಮ್ಮ ತಡ ಮಾಡಬೇಡಿ ಅಂದಿದ್ದಾರೆ."

"ಬಸ್ಸು ಊರೆಲ್ಲ ಸುತ್ತಿ ಮಧ್ಯಾಹ್ನಕ್ಕೆ ಮುಟ್ಟತ್ತೆ. ಹತ್ತು ಗಂಟೆಗೆ ಅತಿಥಿಗಳು ಬಂದು ನೋಡಿ ಹೋಗ್ಲಿ, ನಮ್ಮ ಜೀಪಲ್ಲೇ ಕಳಿಸ್ತೀನಿ. ಬಸ್ಸಿಗಿಂತ ಮೊದಲು ಅಲ್ಲಿರ್ತೀರ. ಇಲ್ಲ, ನಾವು ಹೋಗೇ ಹೋಗ್ತೀವಿ ಅಂದ್ರೆ ಕೋಣೆಯಲ್ಲಿರೋ ಪಾತ್ರೆ ಪಗಡನೂ ತಗೊಂಡು ಹೋಗಿ."

ಮಗಳು ಅಮ್ಮನ ಮುಖ ನೋಡಿದಳು. ಜೀಪು ಅಲ್ಲೇ ನಿಂತಿತ್ತು, ಕಣ್ಣೆದುರಿಗೇ. ಹಾಡಜ್ಜಿ ತಲೆಯಾಡಿಸಿದಳು. ಬಸ್ಸು ಹೋಯಿತು.

ಗುಬ್ಬಿಗೆ ಅದೇ ಹೊಸ ಅಂಗಿ ಮತ್ತೆ ಬಂತು. ಮಗಳಿಗೂ ಒಂದು ಒಳ್ಳೆಯ ಸೀರೆ ಉಡಿಸಿ, ದೊಡ್ಡ ಫೋಟೋದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಹಾಡಜ್ಜಿ ತನ್ನ ರಾಶಿಯ ಮುಂದೆ ಕೂತಳು. ಹತ್ತಾಯಿತು. ಅತಿಥಿಗಳು ಬರಲಿಲ್ಲ. ಹೆಂಗಸರು ಹಾಡುತ್ತಲೇ ಇದ್ದರು. ಚಾವಣಿಯ ತಗಡು ಕಾದಿತು. ಮಗಳು ಕುರ್ಚಿಯಿಂದ ಸನ್ನೆ ಮಾಡಿದಳು: ಕೈ ತಣ್ಣಗಾಗ್ತಿದೆ. ಹಾಡಜ್ಜಿ ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ಗಡಿಯಾರ ನೋಡಿಕೊಂಡು, ಹಾಡು ಹಾಡು ಎಂದು ಕೈಯಾಡಿಸಿದ. ಜೀಪು ಗೇಟು ದಾಟಿ ಹೊರಗೆ ಹೋದದ್ದು ಬಾಗಿಲಿನಿಂದ ಕಂಡಿತು. ಅತಿಥಿಗಳ ಊಟ ತರಲು ಹೋಗಿತ್ತು.

ಹನ್ನೆರಡರ ಮೇಲೆ ಅವರು ಬಂದರು. ಯಜಮಾನರು ಮುಂದೆ, ಅತಿಥಿಗಳು ಹಿಂದೆ. ಒಳ್ಳೆಯ ಜನ. ಮುಖದಲ್ಲಿ ಮರುಕವಿತ್ತು. ಹಾಡು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು. ಅವರಲ್ಲಿ ಹಿರಿಯಳಾದ ಒಬ್ಬ ಹೆಂಗಸಿನ ಕಣ್ಣು ತುಂಬಿತು.

"ಎಷ್ಟು ಸಂತೋಷವಾಗಿ ಹಾಡ್ತಾರೆ!"

"ನಮ್ಮಲ್ಲಿ ಎಲ್ಲರೂ ಒಂದೇ ಕುಟುಂಬದ ಹಾಗೆ" ಎಂದರು ಯಜಮಾನರು. "ಹಾಡ್ಬೇಡಿ ಅಂದ್ರೂ ಕೇಳಲ್ಲ."

ಮೇಸ್ತ್ರಿ ನಕ್ಕ.

ಆ ಹಿರಿಯ ಹೆಂಗಸು ಗುಬ್ಬಿಯ ಕೆನ್ನೆ ಸವರಿದಳು. ಮೇಲಿನ ಫೋಟೋ ನೋಡಿದಳು, ಕೆಳಗಿನ ಮಗುವನ್ನು ನೋಡಿದಳು, "ಪವಾಡ" ಎಂದಳು. ಆಮೇಲೆ ಬೀಜ ಆರಿಸುವುದನ್ನು ನೋಡಲು ಬಂದು ಹಾಡಜ್ಜಿಯ ಪಕ್ಕದಲ್ಲಿ ನಿಂತಳು. ಬಗ್ಗಿ, ರಾಶಿಯಿಂದ ಒಂದು ಬೀಜ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿದಳು.

"ತುಂಬಾ ರುಚಿ" ಎಂದಳು. ಇನ್ನೊಂದು ತೆಗೆದುಕೊಂಡಳು.

ಹಾಡಜ್ಜಿ ತಲೆಯೆತ್ತಿ ಆ ದವಡೆಯನ್ನು ನೋಡಿದಳು. ಮೇಲೆ ಕೆಳಗೆ, ಮೇಲೆ ಕೆಳಗೆ. ಎಷ್ಟು ಸುಲಭದ ಕೆಲಸ. ಆ ಶೆಡ್ಡಿನಲ್ಲಿ ಕೂತು ಅವಳ ಮೈ ಮುಪ್ಪಾಗಿತ್ತು, ಅಲ್ಲಿ ಒಬ್ಬರು ಅಗಿಯುವುದನ್ನು ಅವಳು ನೋಡಿರಲಿಲ್ಲ. ಅವಳ ಬಾಯಲ್ಲಿದ್ದ ಸಾಲು ಅರ್ಧಕ್ಕೆ ನಿಂತಿತು.

ಅವಳು ಒಂದು ಬೀಜ ತೆಗೆದು ಬಾಯಿಗೆ ಹಾಕಿಕೊಂಡಳು.

ಮೇಸ್ತ್ರಿ ಅತಿಥಿಗಳ ಬೆನ್ನ ಹಿಂದಿನಿಂದ ಕೈಯಾಡಿಸಿದ. ಹಾಡು. ಅವಳು ಅಗಿದಳು. ಅವನು ಕಣ್ಣು ಬಿಟ್ಟ. ಅವಳು ನುಂಗಿದಳು. ಮತ್ತೆ ಒಂದು ಹಿಡಿ ತೆಗೆದುಕೊಂಡಳು.

ಮುಂದಿನ ಸಾಲು ಸಿಗದೆ ಉಳಿದವರ ಹಾಡು ಎಡವಿ ನಿಂತಿತು. ಗಿಡ್ಡಿಯೊಬ್ಬಳು ಸ್ವಲ್ಪ ಹೊತ್ತು "ನಿದ್ದೆ ಬಂತಾ ಪುಟ್ಟಿ" ಎಂದು ಎಳೆದಳು. ಆಮೇಲೆ ಹಾಡಜ್ಜಿಯ ಬಾಯಿಯನ್ನು ನೋಡಿದಳು. ಅವಳೂ ಒಂದು ಹಿಡಿ ತೆಗೆದುಕೊಂಡಳು. ಪಕ್ಕದವಳು ತೆಗೆದುಕೊಂಡಳು. ಅದರಾಚೆಯವಳು ತೆಗೆದುಕೊಂಡಳು. ಯಾರೂ ಯಾರಿಗೂ ಹೇಳಲಿಲ್ಲ. ಹೇಳಲು ಯಾರ ಬಾಯಿಯೂ ಖಾಲಿ ಇರಲಿಲ್ಲ. ಶೆಡ್ಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಹೆಂಗಸರು ಕೂತು ತಿಂದರು. ಮೇಯಲು ಬಿಟ್ಟ ದನಗಳ ಹಿಂಡಿನ ನಡುವೆ ನಿಂತರೆ ಕೇಳುತ್ತದಲ್ಲ, ಅಂಥ ಸದ್ದು. ಅದೊಂದೇ.

"ಹಾಡು ಯಾಕೆ ನಿಂತಿತು?" ಎಂದು ಅತಿಥಿ ಹೆಂಗಸು ಮೆಲ್ಲಗೆ ಕೇಳಿದಳು.

ಗಿಡ್ಡಿ ತುಂಬಿದ ಬಾಯಲ್ಲೇ ಹೇಳಿದಳು: "ತಿಂತಿದೀವಲ್ಲಮ್ಮ. ನೀವು ಹಾಡ್ತಾ ತಿಂತೀರಾ?"

"ದಣಿದಿದ್ದಾರೆ" ಎಂದರು ಯಜಮಾನರು.

"ದಣಿದಿಲ್ಲ" ಎಂದಳು ಹಾಡಜ್ಜಿ. ಎದ್ದು ನಿಂತಳು. ಮೊಣಕಾಲು ನೆಟ್ಟಗಾಗಲು ಹೊತ್ತು ಹಿಡಿಯಿತು. ಎಲ್ಲರೂ ಕಾದರು. "ಹಾಡೋದು ತಿನ್ನಬಾರ್ದು ಅಂತ. ಸಂತೋಷಕ್ಕಲ್ಲ. ಸಂಜೆ ಗೇಟಲ್ಲಿ ಬಾಯಿ ತೊಳೆಸಿ ನೋಡ್ತಾರೆ, ಚೂರು ಉಳಿದಿದೆಯಾ ಅಂತ. ಆ ಮಗು ನನ್ನ ಮೊಮ್ಮಗ. ನಿಮ್ಮ ಪೇಸ್ಟು ಅವನು ನೆಕ್ಕಿಲ್ಲ. ಅದು ಕೆನ್ನೆ ಅಲ್ಲ, ಬಾವು. ಅವನು ಸಾಯ್ತಿದಾನೆ. ಬೆಳಿಗ್ಗೆಯಿಂದ ನಿಮಗೋಸ್ಕರ ಕಾಯ್ತಾ ಕೂತಿದಾನೆ."

"ಏಯ್" ಎಂದ ಮೇಸ್ತ್ರಿ.

"ಜೀಪೆಲ್ಲಿ ಮೇಸ್ತ್ರಿ?"

ಮೇಸ್ತ್ರಿ ಯಜಮಾನರ ಮುಖ ನೋಡಿದ. ಯಜಮಾನರು ಅತಿಥಿಗಳ ಮುಖ ನೋಡಿದರು. ಅತಿಥಿಗಳು ಗೋಡೆಯ ಮೇಲಿನ ಫೋಟೋ ನೋಡಿದರು. ಹಾಡಜ್ಜಿ ಯಾರ ಮುಖವನ್ನೂ ನೋಡದೆ ಕುರ್ಚಿಯ ಹತ್ತಿರ ಹೋಗಿ ಗುಬ್ಬಿಯನ್ನು ಎತ್ತಿಕೊಂಡಳು. ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಮಡಿಸಿಟ್ಟಳು. ತನ್ನ ಸೆರಗಿನಲ್ಲಿ ಅವನನ್ನು ಸುತ್ತಿದಳು. "ಏಳು" ಎಂದಳು ಮಗಳಿಗೆ.

ಅಂಗಳದಲ್ಲಿ ಅತಿಥಿಗಳ ಕಾರು ನಿಂತಿತ್ತು. ಇಬ್ಬರೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಡ್ರೈವರ್ ಗಾಬರಿಯಾದ.

"ಇಳೀರಮ್ಮ, ಇದು ಅವರ ಕಾರು."

"ಗೊತ್ತು."

"ನನ್ನ ಕೆಲಸ ಹೋಗತ್ತೆ."

"ನಂದು ಆಗ್ಲೇ ಹೋಯ್ತು, ಮಗಾ. ಏನೂ ಆಗಲ್ಲ. ನಡಿ."

ಹಿರಿಯ ಅತಿಥಿ ಬಾಗಿಲಿಗೆ ಬಂದಿದ್ದಳು. ಹೋಗು ಎಂದು ಡ್ರೈವರಿಗೆ ಕೈ ಬೀಸಿದಳು. ಇನ್ನೊಂದು ಕೈಯಲ್ಲಿ ಎರಡು ಮೂರು ಬೀಜ ಹಾಗೇ ಇದ್ದವು. ಅವನ್ನು ಎಲ್ಲಿಡಬೇಕೆಂದು ಪಾಪ, ಅವಳಿಗೆ ತಿಳಿಯಲಿಲ್ಲ.

ಗೇಟಿನಲ್ಲಿ ಬೇಸಿನ್ನಮ್ಮ ಎದ್ದು ಬಂದಳು. ಹೊರಗೆ ಹೋಗುವವರ ಮುಂದೆ ಬೇಸಿನ್ನು ಹಿಡಿಯುವುದು ಅವಳ ಕೈಗೆ ಅಭ್ಯಾಸವಾಗಿತ್ತು. ಕಾರಿನ ಕಿಟಕಿಗೇ ಹಿಡಿದಳು. ಹಾಡಜ್ಜಿಯ ಬಾಯಲ್ಲಿ ಇನ್ನೂ ಅಗಿದದ್ದಿತ್ತು. ಬೇಸಿನ್ನಮ್ಮನ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ನುಂಗಿದಳು. ಗಂಟಲಿನಲ್ಲಿ ಇಳಿದದ್ದು ಹೊರಗೆ ಕಾಣುವಂತೆ ನುಂಗಿದಳು. ಬೇಸಿನ್ನಮ್ಮ ಬೇಸಿನ್ನನ್ನು ಕೆಳಗಿಳಿಸಿ, ಗೇಟು ತೆಗೆದಳು.

ದೊಡ್ಡಾಸ್ಪತ್ರೆಯಲ್ಲಿ ಗುಬ್ಬಿಗೆ ಮೂಗಿನಲ್ಲಿ ನಳಿಗೆ ಹಾಕಿ ತೊಟ್ಟು ತೊಟ್ಟಾಗಿ ಹಾಲು ಬಿಟ್ಟರು. ಹಾಡಜ್ಜಿ ಮಂಚದ ಕೆಳಗೆ, ಮಗಳು ಮಂಚದ ಅಂಚಿನಲ್ಲಿ. ಕಾರ್ಖಾನೆಯ ಸುದ್ದಿ ಅವರಿವರ ಬಾಯಿಂದ ಬಂತು. ಅತಿಥಿಗಳಿಗೆ ಬಹಳ ನೋವಾಯಿತಂತೆ. ಊಟ ಮಾಡಿಕೊಂಡು ಹೋದರಂತೆ. ಹೋದ ಮೇಲೆ ಪತ್ರ ಬರೆದರಂತೆ. ಕೆಲಸದವರಿಂದ ಬಲವಂತವಾಗಿ ಹಾಡಿಸುವುದು ಕೂಡದು, ಅದು ಅಮಾನುಷ, ಮತ್ತು ಬೀಜಕ್ಕೆ ಎಂಜಲು ತಾಗುವುದೂ ಒಳ್ಳೆಯದಲ್ಲ ಅಂತ. ಯಜಮಾನರು ಎರಡು ಮಾತನ್ನೂ ಒಟ್ಟಿಗೆ ನಡೆಸಿಕೊಟ್ಟರು. ಹಾಡು ರದ್ದು. ಎಲ್ಲರ ಬಾಯಿಗೂ ಬಿಳಿಯ ಬಟ್ಟೆ, ತಲೆಯ ಹಿಂದೆ ಗಂಟು. ಗಂಟು ಹಾಕುವವನು ಮೇಸ್ತ್ರಿ, ಸಂಜೆ ಬಿಚ್ಚುವವನೂ ಮೇಸ್ತ್ರಿ. ಹಾಡಜ್ಜಿಯ ಕೋಣೆಯ ಪಾತ್ರೆ ಪಗಡ ಮಂಗಳವಾರವೇ ಹೊರಗೆ ಬಿದ್ದಿದ್ದವು. ಗಿಡ್ಡಿ ಅವನ್ನು ತನ್ನ ಕೋಣೆಯಲ್ಲಿಟ್ಟುಕೊಂಡು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೆಲಸಕ್ಕೆ ಕೂತಳು. ಅವಳಿಗೆ ಇನ್ನೂ ಎರಡು ಮಕ್ಕಳಿದ್ದವು. ಯಾರೂ ಅವಳನ್ನು ಏನೂ ಅನ್ನಲಿಲ್ಲ.

ಇನ್ನೊಂದು ಸುದ್ದಿ ಡಬ್ಬದಲ್ಲಿ ಬಂತು. ಯಜಮಾನರು ದೊಡ್ಡಾಸ್ಪತ್ರೆಗೆ ಒಂದು ಡಬ್ಬ ಪೇಸ್ಟು ದಾನ ಕೊಟ್ಟರು. ಕೊಡುವಾಗ ಫೋಟೋ ತೆಗೆಸಿಕೊಂಡರು.

ಶನಿವಾರ ಬಾವು ಇಳಿಯಿತು. ಕೆನ್ನೆ ಹೋಯಿತು, ಪಾದದ ಮೂಳೆ ಮತ್ತೆ ಎದ್ದು ಕಂಡಿತು. ಮೂಳೆಯ ಗುಬ್ಬಿ ತಿರುಗಿ ಬಂದ. ಮಗಳು ಎದೆ ಬಡಿದುಕೊಂಡಳು. ನರ್ಸಮ್ಮ ಗದರಿದಳು: "ಯಾಕೆ ಅಳ್ತೀಯ? ಇದೇ ಒಳ್ಳೇದು. ನೀರು ಹೋಯ್ತು, ಇನ್ಮೇಲೆ ಬರೋದು ನಿಜವಾದದ್ದು." ಬಾಣದ ಗುರುತು ತಲೆಕೆಳಗಾಗಿತ್ತು. ಬಲಗಡೆಯವನು ಸಾಯುತ್ತಿದ್ದ, ಎಡಗಡೆಯವನು ಬದುಕುತ್ತಿದ್ದ.

ಅದರ ಮಾರನೆಯ ದಿನ ಗುಬ್ಬಿ ಅತ್ತ. ಮೊದಲು ಹಳೆಯ ಬಾಗಿಲಿನ ಹಾಗೆ ಕಿರ್ ಎಂದ. ಆಮೇಲೆ ಬಾಯಿ ತೆರೆದು ಕಿರುಚಿದ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಹಾಡಜ್ಜಿಯ ಬಾಯಿಗೆ ಅಭ್ಯಾಸದಿಂದ ಒಂದು ಹಾಡು ಬಂತು. ಸಮಾಧಾನ ಮಾಡಲು ಬಾಯಿ ತೆರೆದವಳು ಮುಚ್ಚಿಕೊಂಡಳು.

"ಸುಮ್ಮನಿರಿಸಮ್ಮ" ಎಂದರು ಯಾರೋ ಪಕ್ಕದ ಮಂಚದಿಂದ.

"ಅಳ್ಲಿ ಬಿಡಿ" ಎಂದಳು ಹಾಡಜ್ಜಿ. "ಅವನ ಬಾಯಿ. ಅವನು ಏನು ಬೇಕಾದ್ರೂ ಮಾಡ್ಕೊಳ್ಲಿ."

ಮುಂದಿನ ದಿನ ನರ್ಸಮ್ಮ ಡಬ್ಬದಿಂದ ಒಂದು ಪ್ಯಾಕೆಟ್ಟು ತಂದಳು. ಮೇಲೆ ಯಾರ ಫೋಟೋ ಇದೆಯೆಂದು ಅವಳು ನೋಡಲಿಲ್ಲ. ಮೂಲೆ ಹಿಡಿದು ಹರಿದಳು. ಹರಿದದ್ದು ಸರಿಯಾಗಿ ಬಲಗಡೆಯ ಗುಬ್ಬಿಯ ಕೆನ್ನೆಯ ಮೇಲೆ ಹಾದುಹೋಯಿತು. ಬೆರಳ ತುದಿಯಷ್ಟು ಪೇಸ್ಟು ನಾಲಿಗೆಗೆ ಹಚ್ಚಿದರೆ ಗುಬ್ಬಿ ಬೆರಳನ್ನೇ ಕಚ್ಚಿದ.

"ಅಯ್ಯೋ, ಯಜಮಾನರ ಅಕ್ಕನ ಮೊಮ್ಮಗನೇ ಆಗಿಬಿಟ್ಟ!"

ತಿರುಗಿದರೆ ವಾರ್ಡಿನ ಬಾಗಿಲಲ್ಲಿ ಗಿಡ್ಡಿ. ಎರಡು ಮಕ್ಕಳೂ ಸೀರೆ ಹಿಡಿದು ನಿಂತಿದ್ದವು. ಬಾಯಿಯ ಬಟ್ಟೆ ಕುತ್ತಿಗೆಗೆ ಜಾರಿಬಿದ್ದಿತ್ತು. ಗಂಟು ಹಾಗೇ ಇತ್ತು.

"ಏನೇ, ಕೆಲಸದ ಹೊತ್ತಲ್ಲಿ?"

ಗಿಡ್ಡಿಯ ಕೆನ್ನೆ ಒಂದು ಕಡೆ ಉಬ್ಬಿತ್ತು. ನಿಧಾನವಾಗಿ ಅಗಿದಳು, ನುಂಗಿದಳು. ಆಮೇಲೆ ಹೇಳಿದಳು:

"ಹಾಡು ಅಂದಾಗ ಹಾಡಿದೆ ಅಕ್ಕ. ಪುಟ್ಟಿ ಹೋದಾಗ್ಲೂ ಬಿಡ್ಲಿಲ್ಲ, ಹಾಡಿದೆ. ಈಗ ಹಾಡಬೇಡ ಅಂತಾರೆ. ಪುಟ್ಟಿ ಹಾಡು ಬಂತು ಬಾಯಿಗೆ, ಬಟ್ಟೆ ಒಳಗೇ ಉಳೀತು. ನನ್ನ ಪುಟ್ಟಿಗೆ ಹಾಡೋಕೂ ಅವರನ್ನೇ ಕೇಳ್ಬೇಕಾ ನಾನು?"

"ಮತ್ತೆ ಬೇಸಿನ್ನು?"

"ಉಗೀಲಿಲ್ಲ."

ಹಾಡಜ್ಜಿ ಪಕ್ಕಕ್ಕೆ ಸರಿದು ಮಂಚದ ಕೆಳಗೆ ಜಾಗ ಮಾಡಿದಳು. ಗಿಡ್ಡಿ ಕಾರ್ಖಾನೆ ಬಿಟ್ಟು ಬಂದದ್ದು ಹೀಗೆ. ಆವತ್ತು ಸೋಮವಾರ.